ಅರಾಕಿ ಅವರ 20 ಎರರ್‌ಗಳನ್ನು ನೋಡುವ ಬಗೆ

ಜಪಾನಿನ ಬೇಸ್‌ಬಾಲ್ ತಂಡ ಚೂನಿಚಿ ಡ್ರ್ಯಾಗನ್ಸ್‌ನ ಸೆಕೆಂಡ್ ಬೇಸ್‌ಮನ್ ಮಸಾಹಿರೊ ಅರಾಕಿ 2010ರಲ್ಲಿ ಸಹ ಆಟಗಾರ ಇಬಾಟಾ ಜೊತೆ ಜಾಗ ಬದಲಿಸಿಕೊಂಡು ಶಾರ್ಟ್‌ಸ್ಟಾಪ್‌ಗೆ (ಎರಡನೇ ಮತ್ತು ಮೂರನೇ ಬೇಸ್ ನಡುವಿನ ಜಾಗ) ಬಂದ ವರ್ಷವೇ 20 ಎರರ್ (ಫೀಲ್ಡಿಂಗ್ ತಪ್ಪು) ಮಾಡಿದರು, ಹಾಗಾದರೆ ಆ ಬದಲಾವಣೆ ತಪ್ಪಲ್ಲವೇ ಎಂದು ಕೇಳಿದ್ದೀರಿ. ಆ ಒಂದು ಸಂಖ್ಯೆಯಿಂದ ಹಾಗೆ ತೀರ್ಮಾನಿಸುವುದು ಅನ್ಯಾಯ. ಸಾಮಾನ್ಯ ಪ್ರಯತ್ನದಲ್ಲೇ ಸಿಗಬೇಕಿದ್ದ ಔಟ್ ಕೈತಪ್ಪಿದರೆ, ಇಲ್ಲವೇ ಫೀಲ್ಡರ್ ತಪ್ಪಿನಿಂದ ಓಟಗಾರ ಮುಂದಿನ ಬೇಸ್‌ಗೆ ಹೋದರೆ ಸ್ಕೋರರ್ ಎರರ್ ಬರೆಯುತ್ತಾರೆ. ಚೆಂಡಿನ ಹತ್ತಿರಕ್ಕೇ ಹೋಗದವನ ಹೆಸರಿಗೆ ಏನೂ ಬೀಳುವುದಿಲ್ಲ, ಅದು ಬ್ಯಾಟರ್‌ಗೆ ಸಿಕ್ಕ ಹಿಟ್ ಆಗಿಬಿಡುತ್ತದೆ.

ಈ ಎರಡು ಜಾಗಗಳ ನಡುವೆ ಎಸೆತವೇ ದೊಡ್ಡ ವ್ಯತ್ಯಾಸ. ಸೆಕೆಂಡ್ ಬೇಸ್‌ಮನ್‌ಗೆ ಮೊದಲ ಬೇಸ್ ಹತ್ತಿರ. ಚೆಂಡು ಕೈಯಿಂದ ಜಾರಿದರೂ ಮತ್ತೆ ಎತ್ತಿಕೊಂಡು ಎಸೆಯಲು ಸಮಯವಿರುತ್ತದೆ. ಶಾರ್ಟ್‌ಸ್ಟಾಪ್ ಮೂರನೇ ಬೇಸ್ ಕಡೆ ಓಡಿ ಹಿಡಿದರೆ, ಬಲಗಾಲೂರಿ ಮೈದಾನದ ಆ ತುದಿಗೆ ಎಸೆಯಬೇಕು. ಕಾಲು ಸರಿಯಾಗಿ ಊರದಿದ್ದರೆ ಚೆಂಡು ಬೇಸ್ ತಲುಪುವ ಮುನ್ನವೇ ನೆಲಕ್ಕೆ ಬಡಿಯಬಹುದು.

ಹಾಗಾಗಿ ಹಿಡಿಯುವಾಗಿನ ಎರರ್, ಎಸೆಯುವಾಗಿನ ಎರರ್ ಬೇರೆ ಮಾಡಿ ನೋಡಿ. ಜೊತೆಗೆ ಪುಟ್‌ಔಟ್ (ತಾನೇ ಮುಗಿಸಿದ ಔಟ್), ಅಸಿಸ್ಟ್ (ಚೆಂಡು ಕೊಟ್ಟು ನೆರವಾದ ಔಟ್) ಕೂಡಿಸಿ, 9ರಿಂದ ಗುಣಿಸಿ, ಆಡಿದ ಇನ್ನಿಂಗ್ಸ್‌ನಿಂದ ಭಾಗಿಸಿ; ಒಂಬತ್ತು ಇನ್ನಿಂಗ್ಸ್‌ಗೆ ಅವರು ಎಷ್ಟು ಔಟ್‌ಗಳಲ್ಲಿ ಪಾಲುಗೊಂಡರು ಎಂಬುದು ಗೊತ್ತಾಗುತ್ತದೆ.