ಅಮ್ಮನಿಗೆ ಬಾರದ ಕಣ್ಣೀರು ಸರೋಜಾದೇವಿಗೆ ಬಂದದ್ದು

ಪ್ರಶ್ನೆ: ನನಗೆ 61 ವರ್ಷ, ಉಡುಪಿಯವಳು, ಬ್ಯಾಂಕಿನಿಂದ ನಿವೃತ್ತಳಾಗಿದ್ದೇನೆ. 2025ರ ಜುಲೈ 14ರಂದು ನಟಿ ಬಿ. ಸರೋಜಾದೇವಿಯವರು ತೀರಿಕೊಂಡ ಸುದ್ದಿ ಟಿವಿಯಲ್ಲಿ ಬಂದಾಗ ಬಸಳೆ ಹೆಚ್ಚುತ್ತಿದ್ದವಳಿಗೆ ಕುಳಿತಲ್ಲೇ ಅಳು ಬಂತು. ಮರುದಿನ ಚನ್ನಪಟ್ಟಣ ತಾಲೂಕಿನ ದಶವಾರದಲ್ಲಿ ಅಂತ್ಯಕ್ರಿಯೆ ಮುಗಿಯುವವರೆಗೂ ಟಿವಿಯ ಮುಂದಿನಿಂದ ಏಳಲಿಲ್ಲ. ಸೆಪ್ಟೆಂಬರಿನಲ್ಲಿ ಅವರಿಗೆ ಮರಣೋತ್ತರ ಕರ್ನಾಟಕ ರತ್ನ ಪ್ರಕಟವಾದಾಗ ಮತ್ತೊಮ್ಮೆ ಅತ್ತೆ. ಆದರೆ 2022ರಲ್ಲಿ ನನ್ನ ಸ್ವಂತ ಅಮ್ಮ ಹೋದಾಗ ನನ್ನ ಕಣ್ಣಲ್ಲಿ ನೀರು ಬಂದಿರಲಿಲ್ಲ. ಪಾರ್ಶ್ವವಾಯು ಹೊಡೆದು ನಾಲ್ಕು ವರ್ಷ ಅವರು ನಮ್ಮ ಮನೆಯಲ್ಲೇ ಹಾಸಿಗೆ ಹಿಡಿದಿದ್ದರು. (ಒಂದು ದಿನ ಅಮ್ಮ ನನ್ನನ್ನೇ "ನೀವು ಯಾರ ಮನೆಯವರು" ಎಂದು ಕೇಳಿದಾಗ ಬಚ್ಚಲುಮನೆಯಲ್ಲಿ ನಳ್ಳಿ ಬಿಟ್ಟು ಅತ್ತಿದ್ದೆ, ಅದು ಬೇರೆ ವಿಷಯ.) ಈ ಸಲ ಆಟಿ ತಿಂಗಳಲ್ಲಿ ಅಣ್ಣನ ಮನೆಯಲ್ಲಿ ಹಿರಿಯರಿಗೆ ಬಡಿಸುವ ದಿನ ಎಲ್ಲರ ಮುಂದೆ ನಮ್ಮ ಯಜಮಾನರು, "ಹೆತ್ತ ತಾಯಿಗೆ ಒಂದು ಹನಿ ಇಲ್ಲ, ಸಿನಿಮಾದವಳಿಗೆ ಕೊಡಗಟ್ಟಲೆ" ಎಂದುಬಿಟ್ಟರು. ಅತ್ತಿಗೆ ನಕ್ಕರು. ಆಮೇಲೆ ನಾನು ಆ ಮನೆಗೆ ಹೋಗಿಲ್ಲ. ಈಗ ನಮ್ಮ ಗೆಳತಿಯರ ಬಳಗದವರು ಜನವರಿ 7ರಂದು, ಸರೋಜಾದೇವಿಯವರ ಹುಟ್ಟಿದ ದಿನ, ನುಡಿನಮನ ಇಟ್ಟುಕೊಂಡಿದ್ದಾರೆ. ನಾನೇ ಮಾತಾಡಬೇಕೆಂದು ಒತ್ತಾಯಿಸುತ್ತಿದ್ದಾರೆ. ಒಪ್ಪಿಕೊಳ್ಳಲೇ? ನಾನು ನಿಜವಾಗಿಯೂ ಕಲ್ಲು ಮನಸ್ಸಿನವಳೇ?
– ಹೆಸರು ಬೇಡ, ಉಡುಪಿ

ಉತ್ತರ: ಸಹೋದರಿ, ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದಕ್ಕೆ ಹೆಚ್ಚು ಯೋಚಿಸಬೇಕಾಗಿಲ್ಲ. ನೀವು ಕಲ್ಲು ಮನಸ್ಸಿನವರಲ್ಲ. ಕಲ್ಲು ಮನಸ್ಸಿನವರು ಹಾಸಿಗೆ ಹಿಡಿದ ತಾಯಿಯನ್ನು ನಾಲ್ಕು ವರ್ಷ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವುದಿಲ್ಲ, ಮೂರು ವರ್ಷಗಳ ಬಳಿಕ ತಾನು ಅಳಲಿಲ್ಲವಲ್ಲ ಎಂದು ಕೊರಗಿ ಪತ್ರ ಬರೆಯುವುದೂ ಇಲ್ಲ.

ಇಂಥ ಪತ್ರಕ್ಕೆ ನನ್ನಂಥವರು ಕೊಡುವ ಒಂದು ಸಿದ್ಧ ಉತ್ತರವಿದೆ: "ನೀವು ಅತ್ತದ್ದು ಸರೋಜಾದೇವಿಗಾಗಿ ಅಲ್ಲ, ಒಳಗೆ ಹೆಪ್ಪುಗಟ್ಟಿದ್ದ ಅಮ್ಮನ ದುಃಖವೇ ಆ ನೆಪದಲ್ಲಿ ಹೊರಬಂತು." ಕೇಳಲು ಹಿತವಾದ ಮಾತು, ನಿಮ್ಮ ಯಜಮಾನರ ಬಾಯಿ ಮುಚ್ಚಿಸಲೂ ಅನುಕೂಲವಾದೀತು. ಆದರೆ ನಿಮ್ಮ ಪತ್ರವನ್ನು ಎರಡು ಸಲ ಓದಿದ ಮೇಲೆ ಅದನ್ನು ಹೇಳಲು ನನಗೆ ಮನಸ್ಸಾಗಲಿಲ್ಲ. ಇಲ್ಲಿ ಅಚ್ಚು ಹಾಕಲು ಸ್ಥಳವಿಲ್ಲದ ಪುಟಗಳಲ್ಲಿ ನೀವೇ ಬರೆದಿದ್ದೀರಿ: ನಿಮ್ಮ ಅಮ್ಮನಿಗೆ ಸಿನಿಮಾ ಎಂದರೆ ಆಗುತ್ತಿರಲಿಲ್ಲ, ಅವರಿಗೆ ಯಕ್ಷಗಾನವೆಂದರೆ ಜೀವ, ವಾರಪತ್ರಿಕೆಗಳಿಂದ ಕತ್ತರಿಸಿ ನೀವು ಟ್ರಂಕಿನ ಮುಚ್ಚಳದ ಒಳಬದಿಗೆ ಅಂಟಿಸಿದ್ದ ಸರೋಜಾದೇವಿಯ ಚಿತ್ರಗಳನ್ನು ಒಮ್ಮೆ ಕಿತ್ತು ಹಂಡೆಯ ಒಲೆಗೆ ಹಾಕಿದ್ದೂ ಅವರೇ. ಹಾಗಿರುವಾಗ ಆ ನಟಿಯನ್ನು ನಿಮ್ಮ ತಾಯಿಯ ಬದಲಿಯಾಗಿ ಕೂರಿಸುವುದು ಇಬ್ಬರಿಗೂ ಮಾಡುವ ಅನ್ಯಾಯವಾಗುತ್ತದೆ. ಬ್ಯಾಂಕಿನಲ್ಲಿ ಕೆಲಸ ಮಾಡಿದ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ, ಇವು ಎರಡು ಬೇರೆ ಬೇರೆ ಖಾತೆಗಳು; ಒಂದರಲ್ಲಿ ಜಮೆಯಾದದ್ದನ್ನು ಇನ್ನೊಂದರ ಬಾಕಿಗೆ ಹೊಂದಿಸಲು ಹೊರಟದ್ದರಿಂದಲೇ ಲೆಕ್ಕ ತಪ್ಪಿದೆ.

ಮೊದಲು ಅಮ್ಮನ ಖಾತೆಯನ್ನು ನೋಡೋಣ. ನೀವು ಆವರಣದೊಳಗೆ ಬರೆದು, "ಅದು ಬೇರೆ ವಿಷಯ" ಎಂದು ತಳ್ಳಿಹಾಕಿದ ಆ ಒಂದು ವಾಕ್ಯವೇ ನನಗೆ ಇಡೀ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು. ಹೆತ್ತ ತಾಯಿ ಮಗಳ ಮುಖ ನೋಡಿ, ಬಂದ ನೆಂಟರನ್ನು ವಿಚಾರಿಸುವಂತೆ ಬಹುವಚನದಲ್ಲಿ, "ನೀವು ಯಾರ ಮನೆಯವರು" ಎಂದು ಕೇಳಿದ ದಿನ, ಹೊರಗಿನವರಿಗೆ ಸದ್ದು ಕೇಳಬಾರದೆಂದು ನಳ್ಳಿ ತಿರುಗಿಸಿ ನೀವು ಅತ್ತಿರಲ್ಲ, ನಿಮ್ಮ ಅಮ್ಮ ನಿಮ್ಮ ಪಾಲಿಗೆ ಹೋದದ್ದು ಆ ದಿನ. ದೀರ್ಘಕಾಲದ ಕಾಯಿಲೆಯವರನ್ನು ನೋಡಿಕೊಳ್ಳುವವರಲ್ಲಿ ಇದು ಬಹಳ ಸಾಮಾನ್ಯವಾದ ಸಂಗತಿ. ಮಾತು ಹೋದಾಗ ಒಮ್ಮೆ, ಗುರುತು ಹೋದಾಗ ಒಮ್ಮೆ, ಗಂಜಿಯ ತೆಳಿಯೂ ಗಂಟಲಿನಿಂದ ಇಳಿಯದಾದಾಗ ಮತ್ತೊಮ್ಮೆ ಹೀಗೆ ಕಂತು ಕಂತಾಗಿ ಅವರು ದುಃಖಪಟ್ಟು ಮುಗಿಸಿರುತ್ತಾರೆ. ಕೊನೆಯ ಉಸಿರು ನಿಂತಾಗ ಅವರಲ್ಲಿ ಉಳಿದಿರುವುದು ದಣಿವು, ಮತ್ತು ಹೇಳಿಕೊಳ್ಳಲು ನಾಚಿಕೆಪಡುವ ಒಂದು ನಿರಾಳ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನು ಹುಣ್ಣಾಗದಂತೆ ಪೌಡರ್ ಹಾಕಿ, ಬೆಡ್‌ಶೀಟ್ ಒಗೆದು ಒಣಗಿಸಿದವರಿಗೆ ಆ ನಿರಾಳವನ್ನು ಅನುಭವಿಸುವ ಹಕ್ಕಿದೆ. ಆದರೆ ಬೊಜ್ಜಕ್ಕೆ (ಉತ್ತರಕ್ರಿಯೆಗೆ) ಬಂದು ಊಟ ಮಾಡಿ ಹೋಗುವ ನೆಂಟರು ಎಣಿಸುವುದು ಆ ಹದಿಮೂರು ದಿನಗಳ ಕಣ್ಣೀರನ್ನು ಮಾತ್ರ, ಅದರ ಹಿಂದಿನ ನಾಲ್ಕು ವರ್ಷಗಳದ್ದನ್ನಲ್ಲ. ಕಾಯಿಲೆಯ ಮನೆಗೆ ತಿಂಗಳಿಗೊಮ್ಮೆ ಸೇಬು ಹಿಡಿದುಕೊಂಡು ಬಂದು ಹೋಗುವವರೇ ಶವದ ಮುಂದೆ ಹೆಚ್ಚು ಜೋರಾಗಿ ಅಳುವುದನ್ನು ನಾನು ಅನೇಕ ಮನೆಗಳಲ್ಲಿ ಕಂಡಿದ್ದೇನೆ; ಅವರ ದುಃಖ ಸುಳ್ಳೆಂದು ಹೇಳುತ್ತಿಲ್ಲ, ಅದು ಅವರಿಗೆ ಒಮ್ಮೆಲೇ ಬಂದದ್ದು ಅಷ್ಟೆ.

ಇನ್ನು ಸರೋಜಾದೇವಿಯವರ ಖಾತೆ. ಆಡುವವರು ಆಡುತ್ತಾರೆ: ಅವರಿಗೆ 87 ವರ್ಷವಾಗಿತ್ತು, ತುಂಬು ಬಾಳು ಬದುಕಿ ಹೋದರು, ಅವರೇನು ನಿನ್ನ ಬಂಧುವೇ, ಬಳಗವೇ? ಬಂಧುವಲ್ಲ, ನಿಜ. ಆದರೆ ನಿಮ್ಮ ಬದುಕಿನ ಎರಡು ಮುಖ್ಯ ತಿರುವುಗಳಲ್ಲಿ ಬಂಧುಗಳು ಮಾಡದ ಉಪಕಾರವನ್ನು ಆಕೆ ತಮಗೆ ಅರಿವಿಲ್ಲದೆಯೇ ಮಾಡಿದ್ದಾರೆಂದು ನಿಮ್ಮ ಪತ್ರವೇ ಹೇಳುತ್ತದೆ. ಹೆಣ್ಣುಮಕ್ಕಳು ಸ್ವರ ಎತ್ತಬಾರದು ಎಂದು ದಿನವೂ ಕೇಳಿ ಬೆಳೆದ ಹುಡುಗಿ, 1961ರ 'ಕಿತ್ತೂರು ಚೆನ್ನಮ್ಮ' ಮರುಬಿಡುಗಡೆಯಾಗಿ ಊರಿಗೆ ಬಂದಾಗ ನೋಡಿ, ಶಾಲೆಯ ವಾರ್ಷಿಕೋತ್ಸವದಲ್ಲಿ ಅದೇ ರಾಣಿಯ ವೇಷ ಹಾಕಿ, ರಟ್ಟಿನ ಕತ್ತಿ ಹಿಡಿದು, ಮೈದಾನದ ಕೊನೆಯ ಸಾಲಿಗೂ ಕೇಳುವಂತೆ ಮಾತಾಡಿದಳು. ಮೈಕ್ ಕೈಕೊಟ್ಟಿದ್ದರೂ ನಿಮ್ಮ ಮಾತು ಎಲ್ಲರಿಗೂ ಕೇಳಿಸಿತ್ತೆಂದು ಬರೆದಿದ್ದೀರಿ. ಆಮೇಲೆ ಬ್ಯಾಂಕಿನ ಸಂದರ್ಶನದಲ್ಲಿ ತಲೆ ತಗ್ಗಿಸದೆ ಉತ್ತರ ಕೊಟ್ಟವಳು ಅದೇ ಹುಡುಗಿ.

ಎರಡನೆಯದು ನಿಮ್ಮ ಮದುವೆಯ ಕಾಲದ್ದು. ಅತ್ತೆಮನೆಯವರು ಕೆಲಸ ಬಿಡು ಎಂದಾಗ, ಸರೋಜಾದೇವಿ ಮದುವೆಯಾದ ಮೇಲೆ ಮನೆಯಲ್ಲಿ ಕುಳಿತಿದ್ದರೇ ಎಂದು ನೀವು ಕೇಳಿದಿರಂತೆ. ಆ ಪ್ರಶ್ನೆಗೆ ಗಟ್ಟಿಯಾದ ಆಧಾರವಿತ್ತು. ಆಕೆ 1955ರಲ್ಲಿ ಹದಿನೇಳರ ಹರೆಯದಲ್ಲಿ 'ಮಹಾಕವಿ ಕಾಳಿದಾಸ'ದ ಮೂಲಕ ಬಂದವರು. ಐವತ್ತರ ದಶಕ ಮುಗಿಯುವುದರೊಳಗೆ ತಮಿಳಿನಲ್ಲಿ ಎಂ.ಜಿ.ಆರ್. ಜೊತೆ, ಹಿಂದಿಯಲ್ಲಿ ದಿಲೀಪ್ ಕುಮಾರ್ ಜೊತೆ ನಟಿಸಿದ್ದರು. ಎಂಜಿನಿಯರ್ ಶ್ರೀಹರ್ಷ ಅವರನ್ನು ಮದುವೆಯಾದದ್ದು 1967ರಲ್ಲಿ. ಮದುವೆಯಾದ ನಾಯಕಿಯನ್ನು ತಾಯಿಯ ಪಾತ್ರಕ್ಕೆ ತಳ್ಳುವ ಚಿತ್ರರಂಗದಲ್ಲಿ ಆಕೆ ನಾಯಕಿಯಾಗಿಯೇ ಮುಂದುವರಿದರು, ಪದ್ಮಶ್ರೀ ಬಂದದ್ದೂ ಮದುವೆಯ ನಂತರ, 1969ರಲ್ಲಿ. 1986ರಲ್ಲಿ ಪತಿ ತೀರಿಕೊಂಡ ಬಳಿಕವೂ ಮತ್ತೆ ಬಣ್ಣ ಹಚ್ಚಿದರು. 1992ರಲ್ಲಿ ಪದ್ಮಭೂಷಣ ಬಂತು. ನಮ್ಮಲ್ಲಿ ಆ ಕಾಲದ ಹೆಂಗಸರಿಗೆ, ಮನೆಯನ್ನೂ ಬಿಡದೆ ಕೆಲಸವನ್ನೂ ಬಿಡದೆ ನಡೆದ ಇನ್ನೊಬ್ಬ ಹೆಂಗಸನ್ನು ತೋರಿಸಿ ವಾದಿಸಲು ಹೆಚ್ಚು ಹೆಸರುಗಳಿರಲಿಲ್ಲ. ನಿಮಗೆ ಒಂದು ಹೆಸರು ಸಿಕ್ಕಿತು, ಅದನ್ನು ಹಿಡಿದು ನೀವು ಕೆಲಸ ಉಳಿಸಿಕೊಂಡಿರಿ, ಅದೇ ಸಂಬಳದಲ್ಲಿ ಕೊನೆಗೆ ಅಮ್ಮನ ಔಷಧಿಯ ಖರ್ಚೂ ನಡೆಯಿತು. ಇಷ್ಟು ಋಣವಿರುವವರು ಹೋದಾಗ ಅಳು ಬರುವುದರಲ್ಲಿ ಆಶ್ಚರ್ಯವೇನೂ ಇಲ್ಲ, ಅದಕ್ಕೆ ಅಮ್ಮನ ನೆಪವೂ ಬೇಕಾಗಿಲ್ಲ.

ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ. ಅವರು ಅಂದದ್ದು ತಪ್ಪು. ಅಂದ ಸ್ಥಳ ಇನ್ನೂ ತಪ್ಪು. ಹಿರಿಯರಿಗೆಂದು ಎಲೆ ಹಾಕಿ, ಅಮ್ಮನಿಗೆ ಇಷ್ಟವಾದ ಪತ್ರೊಡೆಯನ್ನು ನೀವೇ ಬಡಿಸಿ ಕೈ ಮುಗಿದು ನಿಂತ ಹೊತ್ತಿನಲ್ಲಿ ಆಡುವ ಮಾತು ಅದಲ್ಲ. ಕುತೂಹಲದ ಸಂಗತಿಯೆಂದರೆ, 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ನಿಧನರಾದಾಗ ಇದೇ ಯಜಮಾನರು ಅಂಗಡಿಯ ಬಾಗಿಲು ಮುಚ್ಚಿ, 31ರಂದು ಕಂಠೀರವ ಸ್ಟುಡಿಯೋದಲ್ಲಿ ಅಂತ್ಯಕ್ರಿಯೆ ಮುಗಿಯುವವರೆಗೆ ಟಿವಿಯ ಮುಂದೆ ಕುಳಿತಿದ್ದರೆಂದು ನೀವು ಬರೆದಿದ್ದೀರಿ. ಆಗ ಯಾರೂ ನಗಲಿಲ್ಲ, ನಗಬೇಕಾಗಿಯೂ ಇರಲಿಲ್ಲ. ನಮ್ಮ ಸಮಾಜದಲ್ಲಿ ಗಂಡಸರ ಅಭಿಮಾನಕ್ಕೆ ಕಟೌಟ್ ಇದೆ, ಹಾಲಿನ ಅಭಿಷೇಕವಿದೆ, ಸಂಘವಿದೆ, ಅನ್ನದಾನವಿದೆ. ಹೆಂಗಸರ ಅಭಿಮಾನ ಟ್ರಂಕಿನ ಮುಚ್ಚಳದೊಳಗೆ ಇರುತ್ತದೆ, ಅದು ಹೊರಗೆ ಕಂಡ ಕೂಡಲೇ ಚೇಷ್ಟೆಯಂತೆ ತೋರುತ್ತದೆ. ಈ ತಾರತಮ್ಯವನ್ನು ಅವರಿಗೆ ಎತ್ತಿ ತೋರಿಸಿ ಗೆಲ್ಲಬಹುದು, ಆದರೆ ಗೆದ್ದು ನಿಮಗೆ ಸಿಗುವುದು ಎರಡು ದಿನದ ಮೌನ ಮಾತ್ರ.

ಅದರ ಬದಲು ಅವರಿಗೆ ನಳ್ಳಿಯ ವಿಷಯ ಹೇಳಿ. ನನ್ನ ಊಹೆ ಸರಿಯಾಗಿದ್ದರೆ ಅವರಿಗೆ ಅದು ಇಂದಿಗೂ ಗೊತ್ತಿಲ್ಲ. ನೀವು ಯಾರಿಗೂ ಗೊತ್ತಾಗಬಾರದೆಂದೇ ನೀರು ಬಿಟ್ಟದ್ದಲ್ಲವೇ? ನಾಲ್ಕು ವರ್ಷ ಹೆಂಡತಿ ಚಕಾರವೆತ್ತದೆ ದುಡಿದದ್ದನ್ನು ಕಂಡ ಗಂಡ, ಅವಳಿಗೆ ದುಃಖವೇ ಇರಲಿಲ್ಲವೇನೋ ಎಂದು ತಿಳಿದುಕೊಂಡಿರುವ ಸಾಧ್ಯತೆ ಇದೆ. ಊಟವಾದ ಮೇಲೆ, ಮಕ್ಕಳು ಮೊಮ್ಮಕ್ಕಳು ಇಲ್ಲದ ಹೊತ್ತಿನಲ್ಲಿ, ಆ ದಿನ ಏನಾಯಿತು, ಅಮ್ಮ ಯಾವ ಸ್ವರದಲ್ಲಿ ಕೇಳಿದರು, ನೀವು ಎಷ್ಟು ಹೊತ್ತು ಒಳಗಿದ್ದಿರಿ ಎಂಬುದನ್ನು ಇದ್ದದ್ದು ಇದ್ದಂತೆ ಹೇಳಿ. ಆಮೇಲೆ, ಅಣ್ಣನ ಮನೆಯಲ್ಲಿ ಆಡಿದ ಮಾತನ್ನು ಅಣ್ಣನ ಮನೆಯಲ್ಲೇ ಹಿಂತೆಗೆದುಕೊಳ್ಳಬೇಕೆಂದು ಕೇಳುವ ಹಕ್ಕು ನಿಮಗಿದೆ. ಕ್ಷಮೆ ಕೇಳಿಸುವ ನಾಟಕ ಬೇಡ. "ಅಂದು ನಾನು ಹಾಗೆ ಅನ್ನಬಾರದಿತ್ತು, ಅತ್ತೆಯನ್ನು ನೋಡಿಕೊಂಡವಳು ಇವಳು" ಎಂದು ಅವರು ಒಂದು ಸಲ ಹೇಳಿದರೆ ಸಾಕು. ಹೇಳದಿದ್ದರೂ ನೀವು ಆ ಮನೆಗೆ ಹೋಗುವುದನ್ನು ನಿಲ್ಲಿಸಬೇಡಿ, ಏಕೆಂದರೆ ಅದು ನಿಮ್ಮ ತವರು.

ನಿಮ್ಮ ಆರೋಗ್ಯದ ಬಗ್ಗೆ ಒಂದು ಮಾತು. ಊಟ, ನಿದ್ದೆ ಸರಿಯಾಗಿದೆ, ಮೊಮ್ಮಗಳ ಜೊತೆ ಆಡುತ್ತೇನೆ ಎಂದು ಬರೆದಿದ್ದೀರಾದ್ದರಿಂದ ನನಗೆ ಆತಂಕವಿಲ್ಲ. ವಾರಗಟ್ಟಲೆ ನಿದ್ದೆ ಹತ್ತದೆ, ಯಾವುದರಲ್ಲೂ ಮನಸ್ಸು ನಿಲ್ಲದೆ ಹೋದರೆ ಮಾತ್ರ ಮನೋವೈದ್ಯರನ್ನು ಕಾಣಿ, ಇಲ್ಲವೇ ಸರಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ನುಡಿನಮನ. ಖಂಡಿತ ಒಪ್ಪಿಕೊಳ್ಳಿ. ಆದರೆ 'ಅಭಿನಯ ಸರಸ್ವತಿ' ಎಂಬ ಬಿರುದನ್ನು ಹತ್ತು ಸಲ ಹೇಳಿ, ಪ್ರಶಸ್ತಿಗಳ ಪಟ್ಟಿ ಓದಿ ಕುಳಿತುಕೊಳ್ಳುವ ಭಾಷಣ ಬೇಡ. ಅದನ್ನು ವಾಟ್ಸ್ಆ್ಯಪ್‌ನಲ್ಲಿ ಎಲ್ಲರೂ ಓದಿಯಾಗಿದೆ. ಅದೇ ವಾಟ್ಸ್ಆ್ಯಪ್‌ನಲ್ಲಿ ಬರುವ ಪಾರ್ಥಿವ ಶರೀರದ ಫೋಟೋಗಳನ್ನು ಪರದೆಯ ಮೇಲೆ ಹಾಕುವುದನ್ನೂ ದಯವಿಟ್ಟು ತಡೆಯಿರಿ. ಅಗಲಿದ ನಟಿಗೆ ಕೊಡುವ ಕನಿಷ್ಠ ಮರ್ಯಾದೆ ಅದು. ರಟ್ಟಿನ ಕತ್ತಿಯ ಕಥೆ, ಕೆಲಸ ಉಳಿಸಿಕೊಂಡ ಕಥೆ, ಇವೆರಡನ್ನು ಹೇಳಿ. ನಿಮ್ಮ ಬಳಗದಲ್ಲಿ ಹೇಳಲು ಇಂಥದ್ದೇ ಕಥೆಯಿರುವ ಇನ್ನೂ ನಾಲ್ಕು ಮಂದಿ ಇದ್ದಾರು.

ಕಾರ್ಯಕ್ರಮದ ನೆನಪಿಗೆ ಏನಾದರೂ ಮಾಡಬೇಕೆಂದಿದ್ದರೆ, ಫಲಕ, ಹಾರಗಳಿಗೆ ದುಡ್ಡು ಹಾಕುವ ಬದಲು ನೇತ್ರದಾನದ ವಿಷಯ ತೆಗೆಯಿರಿ. ಸರೋಜಾದೇವಿಯವರ ಕಣ್ಣುಗಳನ್ನು ದಾನ ಮಾಡಲಾಯಿತು; ಅದಕ್ಕೆ ಮೊದಲು ಡಾ. ರಾಜ್‌ಕುಮಾರ್, ಪುನೀತ್ ಅವರ ಕಣ್ಣುಗಳನ್ನೂ ಹೀಗೆಯೇ ಕೊಡಲಾಗಿತ್ತು, ಪುನೀತ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು ನಿಮ್ಮ ಯಜಮಾನರಿಗೆ ನೆನಪಿದ್ದೀತು. ವಯಸ್ಸಾಯಿತು, ಕನ್ನಡಕವಿದೆ, ಪೊರೆಯ ಆಪರೇಷನ್ ಆಗಿದೆ ಎಂದು ಹಿಂಜರಿಯಬೇಕಾಗಿಲ್ಲ. ಇವು ಯಾವುವೂ ಅಡ್ಡಿಯಲ್ಲ. ಆದರೆ ಸಾವಿನ ನಂತರ ಸುಮಾರು ಆರು ಗಂಟೆಯೊಳಗೆ ಕಣ್ಣುಗಳನ್ನು ಪಡೆಯಬೇಕಾಗುತ್ತದೆ, ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಫ್ಯಾನ್ ಆರಿಸಿ, ಒದ್ದೆ ಹತ್ತಿ ಇಡಬೇಕಾಗುತ್ತದೆ. ಫಾರ್ಮ್ ತುಂಬಿದ್ದರೂ ಕೊನೆಗೆ ನೇತ್ರಬ್ಯಾಂಕಿಗೆ ಫೋನ್ ಮಾಡಿ ಒಪ್ಪಿಗೆ ಕೊಡಬೇಕಾದವರು ಮನೆಯವರೇ. ಆದ್ದರಿಂದ ನಿಮ್ಮ ಹೆಸರು ಬರೆಸುವುದಿದ್ದರೆ ಯಜಮಾನರ ಜೊತೆ ಈ ಮಾತನ್ನೂ ಆಡಲೇಬೇಕು, ಬಳಗದ ಉಳಿದವರಿಗೂ ಅದನ್ನೇ ಹೇಳಿ.

ಆಮಂತ್ರಣವನ್ನು ಅಣ್ಣನ ಮನೆಗೂ ಕೊಡಿ, ಅತ್ತಿಗೆಯವರ ಹೆಸರನ್ನು ಮೇಲೆ ಬರೆದೇ ಕೊಡಿ. ಬರುವುದು ಬಿಡುವುದು ಅವರಿಗೆ ಬಿಟ್ಟದ್ದು.