ಉತ್ತರ ಅಮೆರಿಕದಲ್ಲಿ ತುಪ್ಪಳ ವ್ಯಾಪಾರ ಮಾಡುತ್ತಿದ್ದ ಬ್ರಿಟನ್ನಿನ ಹಡ್ಸನ್ ಬೇ ಕಂಪನಿಯ ದೂರದ ಕೋಟೆಗಳ ಅಧಿಕಾರಿಗಳು ಪತ್ರ ಹೇಗೆ ಕಳಿಸುತ್ತಿದ್ದರು?

ದೋಣಿ, ಕುದುರೆ, ಕಾಲ್ನಡಿಗೆ. ಚಳಿಗಾಲದಲ್ಲಾದರೆ ನಾಯಿಗಳು ಎಳೆಯುವ ಜಾರುಬಂಡಿ. 1820ರ ದಶಕದಿಂದ ಪೆಸಿಫಿಕ್ ಕಡೆಯ ಫೋರ್ಟ್ ವ್ಯಾಂಕೂವರ್‌ನಿಂದ ಪ್ರತಿ ಮಾರ್ಚ್‌ನಲ್ಲಿ ಒಂದು ತಂಡ ಪತ್ರ, ಲೆಕ್ಕಪತ್ರ ಹೊತ್ತು ಹೊರಡುತ್ತಿತ್ತು. ರಾಕಿ ಪರ್ವತ ದಾಟಿ ಹಡ್ಸನ್ ಕೊಲ್ಲಿಯ ಯಾರ್ಕ್ ಫ್ಯಾಕ್ಟರಿ ಎಂಬ ಕಂಪನಿ ಠಾಣೆ ಮುಟ್ಟಲು ಮೂರು ತಿಂಗಳಿಗೂ ಜಾಸ್ತಿ ಬೇಕು. ಅಲ್ಲಿಗೆ ಲಂಡನ್ ಹಡಗು ಬರುತ್ತಿದ್ದುದೋ ಬೇಸಿಗೆಯಲ್ಲಿ ಮಾತ್ರ. ಒಂದು ಪ್ರಶ್ನೆಗೆ ಉತ್ತರ ಬರಲು ವರ್ಷವೇ ಹಿಡಿಯುತ್ತಿತ್ತು. ಅಷ್ಟು ದಿನ ಕಾಯಲಾಗದು, ಅಲ್ವಾ? ಫೋರ್ಟ್ ವ್ಯಾಂಕೂವರ್‌ನ ಮುಖ್ಯಸ್ಥ ಜಾನ್ ಮೆಕ್‌ಲಾಫ್ಲಿನ್‌ರಂಥವರು ಎಷ್ಟೋ ಸಲ ತಾವೇ ತೀರ್ಮಾನಿಸಿ, ಆಮೇಲೆ ಕಾರಣ ಬರೆಯುತ್ತಿದ್ದರು.

ತುಪ್ಪಳದ ಲೆಕ್ಕಕ್ಕಿಂತ ನನಗೆ ರುಚಿಸುವುದು ಅವರ ಖಾಸಗಿ ಪತ್ರಗಳು: ಯಾರಿಗೆ ಬಡ್ತಿ, ಯಾರ ಮದುವೆ, ಕಂಪನಿಯ ಗವರ್ನರ್ ಜಾರ್ಜ್ ಸಿಂಪ್ಸನ್ ಮೇಲೆ ಗೊಣಗಾಟ. ಯಾರ್ಕ್ ಫ್ಯಾಕ್ಟರಿಯಲ್ಲಿದ್ದ ಅಧಿಕಾರಿ ಜೇಮ್ಸ್ ಹಾರ್ಗ್ರೇವ್‌ಗೆ ಬಂದ ಇಂಥ ಪತ್ರಗಳ ರಾಶಿಯೇ ಉಳಿದಿದೆ.