ಹೊಸ ಬೇಸ್‌ಬಾಲ್ ತಂಡದಲ್ಲಿ ಮೊದಲ ಆದ್ಯತೆ ಬ್ಯಾಟಿಂಗಿಗೋ, ಪಿಚಿಂಗಿಗೋ?

ಚಿತ್ರದುರ್ಗದ ನಿಮ್ಮ ಕಾಲೇಜಿನಲ್ಲಿ ಹೊಸದಾಗಿ ಬೇಸ್‌ಬಾಲ್ ತಂಡ ಕಟ್ಟುತ್ತಿದ್ದು, ಇರುವ ಒಳ್ಳೆಯ ಹುಡುಗರನ್ನು ಬ್ಯಾಟಿಂಗಿಗೆ ತಯಾರು ಮಾಡಬೇಕೋ ಪಿಚಿಂಗಿಗೋ (ಬ್ಯಾಟರ್‌ಗೆ ಚೆಂಡೆಸೆಯುವ ಕೆಲಸಕ್ಕೋ) ಎಂದು ಕೇಳಿದ್ದೀರಿ. ದಾವಣಗೆರೆಯಲ್ಲಿ ಈ ಆಟ ಕಲಿಸುವವನಾಗಿ ನಾನು ಪಿಚಿಂಗನ್ನೇ ಮುಂದಿಡುತ್ತೇನೆ, ಅದರಲ್ಲೂ ವೇಗಕ್ಕಿಂತ ಹತೋಟಿಯನ್ನು.

ಗಳಿಸಿದ ರನ್‌ಗಳ ವರ್ಗವನ್ನು, ಗಳಿಸಿದ ಮತ್ತು ಬಿಟ್ಟುಕೊಟ್ಟ ರನ್‌ಗಳ ವರ್ಗಗಳ ಮೊತ್ತದಿಂದ ಭಾಗಿಸಿದರೆ ಗೆಲುವಿನ ಪ್ರಮಾಣ ಅಂದಾಜಿಗೆ ಸಿಗುತ್ತದೆ ಎಂಬುದು ಅಮೆರಿಕದ ಬೇಸ್‌ಬಾಲ್ ಅಂಕಿಅಂಶ ತಜ್ಞ ಬಿಲ್ ಜೇಮ್ಸ್ ಅವರ ಪ್ರಸಿದ್ಧ ಸೂತ್ರ. ಪಂದ್ಯಕ್ಕೆ 4 ರನ್ ಗಳಿಸಿ 4 ಕೊಡುವ ತಂಡ ಅರ್ಧದಷ್ಟು ಪಂದ್ಯ ಗೆಲ್ಲುತ್ತದೆ. 5 ಗಳಿಸತೊಡಗಿದರೆ ಗೆಲುವು ಶೇ 61ಕ್ಕೆ, ಅದರ ಬದಲು 3 ಮಾತ್ರ ಕೊಟ್ಟರೆ ಶೇ 64ಕ್ಕೆ ಏರುತ್ತದೆ. ವ್ಯತ್ಯಾಸ ಸಣ್ಣದೇ. ಆದರೆ ಹೊಸ ತಂಡಗಳು ಹೆಚ್ಚಾಗಿ ಸೋಲುವುದು ಎದುರಾಳಿಯ ಹೊಡೆತಕ್ಕಲ್ಲ, ತಮ್ಮದೇ ಪಿಚರ್ ಕೊಡುವ ವಾಕ್‌ಗಳಿಗೆ: ಸ್ಟ್ರೈಕ್ ವಲಯದ (ಬ್ಯಾಟರ್ ಮುಂದೆ, ಮೊಣಕಾಲಿನಿಂದ ಎದೆಯ ಮಟ್ಟದವರೆಗಿನ ಕಾಲ್ಪನಿಕ ಚೌಕ) ಹೊರಗೆ ನಾಲ್ಕು ಚೆಂಡು ಹೋಗಿ, ಅವಕ್ಕೆ ಬ್ಯಾಟ್ ಬೀಸದಿದ್ದರೆ ಬ್ಯಾಟರ್ ಪುಕ್ಕಟೆಯಾಗಿ ಮೊದಲ ಬೇಸ್ ಸೇರುತ್ತಾನೆ, ಫೀಲ್ಡರ್‌ಗಳು ಎಷ್ಟೇ ಚುರುಕಾಗಿದ್ದರೂ ಆಗ ಅವರಿಗೆ ಕೆಲಸವೇ ಇರುವುದಿಲ್ಲ.

ಪಿಚರ್ ಬೇಕೆಂದಾಗ ನಮ್ಮ ಕಡೆ ಎಲ್ಲರ ಕಣ್ಣೂ ಕ್ರಿಕೆಟ್‌ನ ವೇಗದ ಬೌಲರ್‌ಗಳ ಮೇಲೆ ಬೀಳುತ್ತದೆ. ನನಗದು ಅಷ್ಟು ಒಪ್ಪಿಗೆಯಿಲ್ಲ. ಬೌಲರ್ ಓಡಿಬಂದು ಮೊಣಕೈ ನೇರವಾಗಿಟ್ಟು ಎಸೆಯುತ್ತಾನೆ. ಪಿಚರ್ ಓಟವಿಲ್ಲದೆ, ಕೈ ಮಡಿಸಿ, 60 ಅಡಿ 6 ಇಂಚು ದೂರಕ್ಕೆ ಚೆಂಡು ನೆಲ ಮುಟ್ಟದಂತೆ ಎಸೆಯಬೇಕು. ಬೌಂಡರಿಯಿಂದ ನೇರವಾಗಿ ಕೀಪರ್ ಕೈಗೆ ಚೆಂಡು ತಲುಪಿಸುವ ಹುಡುಗರು ಈ ಕೆಲಸಕ್ಕೆ ಹೆಚ್ಚು ಹತ್ತಿರದವರು. ಅಂಥವರು ಮೂರ್ನಾಲ್ಕು ಮಂದಿಯಾದರೂ ಇರಲಿ, ಏಕೆಂದರೆ ಅಮೆರಿಕದ ಪಿಚ್ ಸ್ಮಾರ್ಟ್ ಮಾರ್ಗಸೂಚಿಯ ಪ್ರಕಾರ 17–18 ವಯಸ್ಸಿನವರು ದಿನಕ್ಕೆ 105ಕ್ಕಿಂತ ಹೆಚ್ಚು ಪಿಚ್ ಎಸೆಯಬಾರದು, 80 ದಾಟಿದರೆ 4 ದಿನ ವಿಶ್ರಾಂತಿ ಬೇಕು. ನಮ್ಮ ಟೂರ್ನಿಗಳಲ್ಲೋ ದಿನವೂ ಪಂದ್ಯವಿರುತ್ತದೆ. ಒಬ್ಬನನ್ನೇ ನೆಚ್ಚಿದರೆ ಸೆಮಿಫೈನಲ್ ಹೊತ್ತಿಗೆ ಅವನ ಭುಜ ಸೋತಿರುತ್ತದೆ. ಪಿಚ್ ಮಾಡದ ದಿನ ಅವರನ್ನು ಔಟ್‌ಫೀಲ್ಡಿನಲ್ಲಿ ಆಡಿಸಬಹುದು. ನಿಮ್ಮೂರಿನ ಆಷಾಢದ ಗಾಳಿಗೆ ಮೇಲೆದ್ದ ಚೆಂಡು ಎತ್ತ ಸರಿಯುತ್ತದೆಂದು ಹೇಳಲಾಗದು, ಅಲ್ಲಿಯೂ ಗಟ್ಟಿ ಕೈಗಳೇ ಬೇಕು.

ಬ್ಯಾಟಿಂಗಿಗೆ ಸಿಕ್ಸರ್ ವೀರರನ್ನೇ ಹುಡುಕಬೇಡಿ. ಕೆಟ್ಟ ಚೆಂಡನ್ನು ಬಿಡುವ ತಾಳ್ಮೆಯುಳ್ಳವರನ್ನು ಸರದಿಯ ಮೊದಲಲ್ಲಿ, ಬಲವಾಗಿ ಹೊಡೆಯುವವರನ್ನು ಅವರ ಹಿಂದೆಯೇ ಇಡಿ. ಬೇಸ್‌ನಲ್ಲಿ ಯಾರೂ ಇಲ್ಲದಾಗ ಬಂದ ಹೋಮ್ ರನ್ (ನಮ್ಮ ಸಿಕ್ಸರ್‌ನಂಥ ಹೊಡೆತ) ಒಂದೇ ರನ್. ನಿಮ್ಮ ಟೂರ್ನಿಯ ನಿಯಮದಲ್ಲಿ ಡೆಸಿಗ್ನೇಟೆಡ್ ಹಿಟ್ಟರ್‌ಗೆ ಅವಕಾಶವಿದ್ದರೆ, ಫೀಲ್ಡಿಂಗ್ ಬಾರದ ಒಬ್ಬ ಭರ್ಜರಿ ಹೊಡೆತಗಾರನಿಗೂ ಪಿಚರ್‌ನ ಬದಲಿಗೆ ಸರದಿಯಲ್ಲಿ ಜಾಗ ಸಿಗುತ್ತದೆ.